ತಾವರೆಗೂ ಕಡಲ ಕುದುರೆಗೂ ಇರುವ ವ್ಯತ್ಯಾಸ

ಮೇಷ್ಟರ ಕೆಲಸದಲ್ಲಿ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ನಗುವ ಮನಸ್ಸಿಲ್ಲದ ವರ್ಷದಲ್ಲೂ ಅದು ಬಿಡುವುದಿಲ್ಲ.

ಎಂಬತ್ತರ ದಶಕದಲ್ಲಿ ನಾನು ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ಒಂದು ಸೋಮವಾರ ಬೆಳಿಗ್ಗೆ ಹೆಂಡತಿ ಉಪ್ಪಿಟ್ಟು ಮಾಡಿಟ್ಟು, ತಲೆನೋವೆಂದು ಮಲಗಿದಳು. ನಾನು ಸ್ಕೂಲಿಗೆ ಹೋದೆ. ಮಧ್ಯಾಹ್ನದೊಳಗೆ ಪಕ್ಕದ ಮನೆಯವರು ತರಗತಿಯ ಬಾಗಿಲಿಗೆ ಬಂದು ಕರೆದರು. ಅವಳು ಮತ್ತೆ ಏಳಲಿಲ್ಲ. ಮಗಳಿಗೆ ಆಗ ನಾಲ್ಕು ವರ್ಷ.

ತಿಥಿ ಮುಗಿದ ದಿನವೇ ಅವಳ ತಾಯಿ, ಅಜ್ಜೀಪುರದ ನಮ್ಮ ಅತ್ತೆ, “ಎಣ್ಮಗೀನ ಗಂಡ್ಸು ಎಂಗಪ್ಪ ಸಾಕಾನು? ದಸರಾ ಕಳೀಲಿ, ನಾನೇ ಬಂದು ಕರ್ಕೊಂಡೋಯ್ತೀನಿ” ಅಂದರು. ಕಳಿಸುವ ಮನಸ್ಸು ನನಗಿರಲಿಲ್ಲ. ಹಾಗೆಂದು ಹೇಳಲು ಬಾಯಿಯೂ ಬರಲಿಲ್ಲ. ಅಲ್ಲಿಯವರೆಗೆ ಮಗಳು ನನ್ನ ಜೊತೆಯೇ ಸ್ಕೂಲಿಗೆ ಬರುತ್ತಿದ್ದಳು.

೧. ವ್ಯತ್ಯಾಸ ಬರೆಯಿರಿ

ನಮ್ಮ ಪ್ರಯೋಗಾಲಯದಲ್ಲಿ ಒಂದು ಗಾಜಿನ ಬಾಟಲಿ ಇತ್ತು. ಅದರೊಳಗೆ ಕೆಡದಂತೆ ಔಷಧಿಯಲ್ಲಿಟ್ಟ ಬೆರಳುದ್ದದ ಕಡಲ ಕುದುರೆ: ಮುಖ ಕುದುರೆಯದು, ಬಾಲ ಸುರುಳಿ, ಜಾತಿ ಮೀನು. ಯಳಂದೂರು ಕಡೆಯ ಕೆರೆಯಿಂದ ಒಂದು ತಾವರೆ ತರಿಸಿ ಅದರ ಪಕ್ಕದಲ್ಲಿಟ್ಟೆ. ಎರಡೂ ನೀರಿನಲ್ಲಿ ಬದುಕುವಂಥವು, ವ್ಯತ್ಯಾಸ ಬರೆಯಿರಿ ಎಂದೆ.

ಸಮುದ್ರ ನೋಡಿದವರು ಆ ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ದೊಡ್ಡದಾದ ಮೇಲೆ ಇದನ್ನು ಜಟಕಾಗೆ ಕಟ್ಟುತ್ತಾರಾ ಎಂದು ಒಬ್ಬ ಕೇಳಿದ. ಒಬ್ಬಳು ಹುಡುಗಿ ಬರೆದದ್ದು ಒಂದೇ ಸಾಲು: ‘ತಾವರೆ ಪೂಜೆಗೆ ಬರುತ್ತದೆ, ಕಡಲ ಕುದುರೆ ಪರೀಕ್ಷೆಗೆ ಬರುತ್ತದೆ.’ ಪೂರ್ತಿ ಅಂಕ ಕೊಟ್ಟೆ.

೨. ಆಯುಧಪೂಜೆ

ಆ ಹುಡುಗಿಯ ಮಾತು ಬಹಳ ದಿನ ನಿಲ್ಲಲಿಲ್ಲ. ಆಯುಧಪೂಜೆಯ ದಿನ ನಮ್ಮ ಅಟೆಂಡರು ತಕ್ಕಡಿ, ಸೂಕ್ಷ್ಮದರ್ಶಕಗಳಿಗೆಲ್ಲ ಕುಂಕುಮವಿಟ್ಟು, ಕಡಲ ಕುದುರೆಯ ಬಾಟಲಿಗೂ ವಿಭೂತಿ ಬಳಿದು, ಮೇಲೊಂದು ತಾವರೆ ಮುಡಿಸಿದ್ದರು. ಮುಂದೆ ಒಂದು ಬಟ್ಟಲು ನೆನೆಸಿದ ಹುರುಳಿ. ಇದೇನು ಎಂದೆ.

“ಎಷ್ಟಾದ್ರೂ ಕುದ್ರೆ ಅಲ್ವಾ ಸಾ.”

ಮಂಗಳಾರತಿ ಆಗುವಷ್ಟರಲ್ಲಿ ಬಟ್ಟಲು ಬರಿದಾಗಿತ್ತು. ಅಟೆಂಡರು ಬಾಟಲಿಗೆ ಇನ್ನೊಮ್ಮೆ ಕೈಮುಗಿದರು. ಮೇಜಿನ ಕೆಳಗೆ ಕೂತು ನನ್ನ ಮಗಳು ಇನ್ನೂ ಅಗಿಯುತ್ತಿದ್ದಳು.

೩. ಹಿಂದಿನ ಬೆಂಚು

ದಸರಾ ರಜ ಮುಗಿದು ಸ್ಕೂಲು ತೆರೆದ ಶನಿವಾರ ಅತ್ತೆ ಬಂದೇಬಿಟ್ಟರು. ತರಗತಿ ನಡೆಯುತ್ತಿತ್ತು. ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕೂತರು. ಪಾಠ ಸಂತಾನೋತ್ಪತ್ತಿಯದು. ತಾವರೆ ಬೀಜವನ್ನು ನೀರಿಗೆ ಬಿಟ್ಟು ಸುಮ್ಮನಾಗುತ್ತದೆ. ಕಡಲ ಕುದುರೆಯಲ್ಲಿ ಹೆಣ್ಣು ಮೊಟ್ಟೆಗಳನ್ನು ಗಂಡಿನ ಹೊಟ್ಟೆಯ ಚೀಲದಲ್ಲಿಡುತ್ತದೆ, ಮರಿಯಾಗುವವರೆಗೂ ಹೊರುವುದು ಗಂಡೇ ಎಂದೆ.

“ತಾಯಿ ಎಲ್ಲೋಯ್ತದೆ?” ಅತ್ತೆ ಹಿಂದಿನಿಂದ ಕೇಳಿದರು.

ಮೊಟ್ಟೆಯಿಟ್ಟು ಹೊರಟುಹೋಗುತ್ತದೆ ಎಂದೆ. ಅತ್ತೆ ಎದ್ದು ಬಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

“ಗಂಡೇ ಒರ್ಲಿ ಬುಡು. ಜಡೆ ಆಕಕ್ಕೆ ಬತ್ತದಾ ಇದ್ಕೆ?”

ಹುಡುಗರು ತಡೆಯಲಾರದೆ ನಕ್ಕರು. ಅತ್ತೆ ನಗಲಿಲ್ಲ. “ನಿಮ್ಗೆ?” ಎಂದು ಮಗಳನ್ನು ತಂದು ನನ್ನ ಮುಂದೆ ನಿಲ್ಲಿಸಿದರು.

ಸೀಮೆಸುಣ್ಣದ ಕೈಯಲ್ಲೇ ಬೈತಲೆ ತೆಗೆದು, ಎರಡು ಜಡೆ ಹೆಣೆದೆ. ಒಂದು ಕಿಟಕಿಯ ಕಡೆ ನೋಡುತ್ತಿತ್ತು, ಇನ್ನೊಂದು ಕಪ್ಪುಹಲಗೆಯ ಕಡೆ. ಮಗಳ ತಲೆ ನನ್ನದಕ್ಕಿಂತ ನರೆತಿತ್ತು. ಮುಂದಿನ ಬೆಂಚಿನ ಹುಡುಗಿಯರು ಬಾಯಿಗೆ ಪುಸ್ತಕ ಅಡ್ಡ ಹಿಡಿದರು. ಮಗಳು ಮಾತ್ರ ಎರಡನ್ನೂ ಮುಟ್ಟಿ ನೋಡಿಕೊಂಡು, “ಅಪ್ಪಂಗೆ ಬತ್ತದೆ” ಅಂದಳು.

ಈಗ ಅತ್ತೆ ನಕ್ಕರು. ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, ಒಂದು ಜಡೆ ಬಿಚ್ಚಿ ತಾವೇ ಬಿಗಿಯಾಗಿ ಹೆಣೆದರು. ಇನ್ನೊಂದನ್ನು ಹಾಗೇ ಬಿಟ್ಟರು.

ಮಧ್ಯಾಹ್ನ ಮೂವರೂ ಬಸ್ ಸ್ಟ್ಯಾಂಡಿಗೆ ಹೋದೆವು. ಹನೂರಿನ ಮೇಲೆ ಅಜ್ಜೀಪುರಕ್ಕೆ ಹೋಗುವ ಬಸ್ಸು ನಿಂತಿತ್ತು. ಅತ್ತೆ ಮೊಮ್ಮಗಳ ಕೈಯನ್ನು ನನ್ನ ಕೈಗಿತ್ತು ಹತ್ತಿ, ಕಿಟಕಿಯ ಪಕ್ಕ ಕೂತು, ಒಂದು ಟಿಕೆಟ್ ತೆಗೆದುಕೊಂಡರು.