ಲಕ್ಕಯ್ಯನ ಮೆದೆ ಬೆಂಕಿ

ಸುದರ್ಶನ್: ನೀನು ಕರೆದಿದ್ದೇ ಸರಿ ಇಲ್ಲ ಕಣಕ್ಕ. ನಾವು ಬರಲಿಲ್ಲ ಅಂತ ಊರೆಲ್ಲಾ ನಮ್ಮನ್ನೇ ಬಯ್ತಾ ಅವ್ರೆ.

ಪುಟ್ಟತಾಯಮ್ಮ: ಇನ್ನೆಂಗಪ್ಪ ಕರೀಬೇಕಿತ್ತು? ಮನೆಮನೆಗೂ ಓಗಿ ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು, ಬೆಂಕಿ ಬಿದ್ದೈತೆ, ಸಂಸಾರ ಸಮೇತ ದಯಮಾಡಿಸಿ ಅನ್ನಬೇಕಿತ್ತಾ?

ಈ ಜಗಳ ನಡೆದದ್ದು ನಮ್ಮೂರ ಹಾಲಿನ ಡೈರಿಯ ಜಗುಲಿಯಲ್ಲಿ. ನಮ್ಮದು ದಂಡಿಗನಹಳ್ಳಿ ಕಡೆಯ ಊರು. ಚನ್ನರಾಯಪಟ್ಟಣದಿಂದ ಫೈರ್ ಎಂಜಿನ್ ಬರುವಷ್ಟರಲ್ಲಿ ಬೂದಿ ಗುಡಿಸುವುದಷ್ಟೇ ಬಾಕಿ ಇರುತ್ತದೆಂದು ಊರಿನ ಹುಡುಗರು ತಾವೇ ಒಂದು ಬೆಂಕಿ ಪಡೆ ಕಟ್ಟಿಕೊಂಡಿದ್ದಾರೆ. ಟ್ರ್ಯಾಕ್ಟರೂ ನೀರಿನ ಟ್ಯಾಂಕರೂ ಇರುವ ಸುದರ್ಶನ್ ಅದಕ್ಕೆ ನಾಯಕ. ಡೈರಿಯಲ್ಲಿ ಹಾಲು ಅಳೆಯುವ ಪುಟ್ಟತಾಯಮ್ಮನದು ಕರೆಯುವ ಕೆಲಸ. ಎಲ್ಲೇ ಹೊಗೆ ಎದ್ದರೂ ಮೊದಲು ಪಟ್ಟಣಕ್ಕೆ ಫೋನು, ಆಮೇಲೆ ಪಡೆಯ ವಾಟ್ಸಾಪ್ ಗ್ರೂಪಿಗೆ ಮೆಸೇಜು. ನಿನ್ನೆ ಮಧ್ಯಾಹ್ನ ಮೆಸೇಜು ಹೋಯಿತು, ಪಡೆ ಬರಲಿಲ್ಲ. ಲಕ್ಕಯ್ಯನ ಹುಲ್ಲಿನ ಮೆದೆ ಬುಡದವರೆಗೂ ಉರಿದುಹೋಯಿತು. ಪಾಪ, ಆತ ಈಗ ಖಾಲಿ ಕ್ಯಾನಿನ ಮೇಲೆ ಕೂತು, ಸಂಜೆಗೆ ತನ್ನೆರಡು ಹಸುಗಳ ಮುಂದೆ ಏನು ಹಾಕುವುದೆಂದು ಯೋಚಿಸುತ್ತಿದ್ದ.

ಸುದರ್ಶನ್: ನೀನು ಆಕಿರೋದು ನೋಡಕ್ಕ. "ಲಕ್ಕಯ್ಯನ ಮೆದೆ ಬೆಂಕಿ."

ಪುಟ್ಟತಾಯಮ್ಮ: ಸರಿಯಾಗೇ ಐತಲ್ಲ. ಯಾರ್ದು, ಏನು, ಏನಾಯ್ತು, ಎಲ್ಲಾ ಐತೆ.

ಸುದರ್ಶನ್: ಈಗಿನ ಹುಡುಗ್ರ ಬಾಯಲ್ಲಿ ಬೆಂಕಿ ಅಂದ್ರೆ ಚೆನ್ನಾಗೈತೆ ಅಂತ ಕಣಕ್ಕ. ನಮ್ ಪಡೆ ಮನು ಕಟಿಂಗ್ ಮಾಡಿಸ್ಕಂಡ್ ಬಂದ್ರೆ ಬೆಂಕಿ. ಬಿರಿಯಾನಿ ತಿಂದ್ರೆ ಬೆಂಕಿ. ಅದೂ ಅಲ್ದೆ ನಿನ್ ಮೆಸೇಜಿನ ಮೇಲ್ಗಡೇನೇ ಲಕ್ಕಯ್ಯಣ್ಣ ತಾನು ಒಟ್ಟಿದ ಹೊಸ ಮೆದೆ ಫೋಟೋ ಬಿಟ್ಕಂಡವ್ನೆ.

ಪುಟ್ಟತಾಯಮ್ಮ: ಅಂಗಾರೆ ನಿಮ್ ಪಡೆಗೆ ಬೆಂಕಿ ಪಡೆ ಅಂತ ಯಾಕಿಟ್ರಿ?

ಸುದರ್ಶನ್: ಎರಡೂ ಅರ್ಥ ಬರ್ಲಿ ಅಂತ.

ಪುಟ್ಟತಾಯಮ್ಮ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಫೋನು ಕಿತ್ತುಕೊಂಡಳು. ಆಕೆ ಕನ್ನಡಕ ಒರೆಸಿದಳೆಂದರೆ ಹಾಲಿಗೆ ನೀರು ಬೆರೆಸಿದವರು ಕ್ಯಾನು ಎತ್ತಿಕೊಂಡು ಹಿಂದೆ ಸರಿಯುತ್ತಾರೆ. ಸುದರ್ಶನ್ ಕೂಡ ಒಂದು ಹೆಜ್ಜೆ ಹಿಂದೆ ಸರಿದ.

ಪುಟ್ಟತಾಯಮ್ಮ: ಮನು, "ಸೂಪರ್ ಲಕ್ಕಯ್ಯಣ್ಣ." ಸಿದ್ದೇಶ ಚಪ್ಪಾಳೆ. ನೀನೇನ್ಲಾ ಆಕಿದ್ದೀಯ?

ಸುದರ್ಶನ್: ಆರ್ಟು.

ಪುಟ್ಟತಾಯಮ್ಮ: ಅಂಗಂದ್ರೆ?

ಸುದರ್ಶನ್: ಹೃದಯ ಕಣಕ್ಕ. ಕೆಂಪುದು.

ಪುಟ್ಟತಾಯಮ್ಮ: ಅವನ ಮೆದೆ ಧಗಧಗ ಉರೀತೈತೆ, ಟ್ಯಾಂಕರ್ ತಾರ್ಲಾ ಅಂದ್ರೆ ಹೃದಯ ಕೊಟ್ಟವ್ನೆ.

ಲಕ್ಕಯ್ಯ: ಬಯ್ಬ್ಯಾಡ ಬುಡವ್ವ.

ಪುಟ್ಟತಾಯಮ್ಮ: ಸುಟ್ಟಿರೋದು ನಿನ್ನ ಉಲ್ಲು. ನೀನ್ಯಾಕೆ ಅವನ ಪರ ಮಾತಾಡ್ತೀಯ?

ಲಕ್ಕಯ್ಯ: ನಾನೂ ಆ ಗ್ರೂಪಲ್ಲಿ ಅವ್ನಿ ಕಣವ್ವ. ನಿನ್ನೆ ಇರೀಸಾವೆ ಓಟ್ಲಲ್ಲಿ ದೋಸೆ ತಿಂತಾ ಕೂತಿದ್ದೆ. ನೋಡ್ತೀನಿ, ಎಲ್ರೂ ನನ್ ಮೆದೆ ಒಗಳ್ತಾ ಅವ್ರೆ. ಕೈ ಮುಗಿಯೋ ಬೊಂಬೆ ಒತ್ತಿ, "ಎಲ್ಲಾ ನಿಮ್ಮ ಆಶೀರ್ವಾದ" ಅಂತ ಆಕ್ಬುಟ್ಟೆ.

ಪುಟ್ಟತಾಯಮ್ಮ: ಉರಿಯೋ ಮೆದೆಗೆ ಆಶೀರ್ವಾದ.

ಲಕ್ಕಯ್ಯ: ಈ ಊರ್ನಾಗೆ ನನ್ ಕೆಲ್ಸ ಯಾರಾದ್ರೂ ಮೆಚ್ಚಿದ್ದು ಅದೇ ಮೊದ್ಲು. ಖುಷಿಗೆ ಇನ್ನೊಂದು ದೋಸೆ ತರಿಸ್ಕಂಡೆ.

ಸುದರ್ಶನ್ ಫೋನು ವಾಪಸ್ ಇಸಿದುಕೊಂಡು ಜೇಬಿಗೆ ಹಾಕಿಕೊಂಡ.

ಸುದರ್ಶನ್: ಇನ್ಮೇಲೆ ಮೊಬೈಲ್ ಸಾವಾಸ ಬ್ಯಾಡ. ಡೈರಿ ಮೈಕಲ್ಲೇ ಕೂಗು. ಆದ್ರೆ ಬೆಂಕಿ ಅನ್ನಬ್ಯಾಡ, ಮೈಕಲ್ಲೂ ಯಾರನ್ನೋ ಹೊಗಳ್ತಾವ್ರೆ ಅನ್ಕತಾರೆ.

ಪುಟ್ಟತಾಯಮ್ಮ: ಮೈಕಲ್ಲಿ ಏನಂದ್ರೂ ನೀವು ಬರಲ್ಲ. ಮೀಟಿಂಗ್ ಅಂದ್ರೆ ಬರಲ್ಲ, ಲಸಿಕೆ ಅಂದ್ರೆ ಬರಲ್ಲ. ಬೂಸಾ ಬಂದೈತೆ ಅಂದ್ರೆ ಮಾತ್ರ ಉಣ್ಣೋ ತಟ್ಟೆ ಬಿಟ್ಟು ಗೋಣಿಚೀಲ ಹಿಡ್ಕಂಡು ಓಡಿ ಬತ್ತೀರಿ.

ಸುದರ್ಶನ್: ಅಕ್ಕ, ನೆನೆಸಿದ ಗೋಣಿಚೀಲದಲ್ಲಿ ಬಡಿದ್ರೆ ಬೆಂಕಿ ಆರ್ತದೆ. ಅದೇ ಆಗ್ಲಿ. ಮೈಕಲ್ಲಿ ಬೂಸಾ ಬಂದೈತೆ ಅಂದ್ರೆ ಬೆಂಕಿ ಬಿದ್ದೈತೆ ಅಂತ.

ಲಕ್ಕಯ್ಯ: ನಿಜವಾಗ್ಲೂ ಬೂಸಾ ಬಂದ್ರೆ?

ಸುದರ್ಶನ್: ಅದು ಬಂದಾಗ ನೋಡ್ಕಳನ ಬುಡಣ್ಣ. ಬತ್ತದೆ ಬತ್ತದೆ ಅಂತಾನೇ ಅವ್ರೆ, ಎಲ್ಲಿ ಬಂತು?

ಹೊಸ ಕಟ್ಟಳೆಯನ್ನು ಗ್ರೂಪಿಗೆ ಹಾಕಿ, ದೊಡ್ಡ ಕೆಲಸ ಮುಗಿಸಿದವನಂತೆ ಸುದರ್ಶನ್ ಮನೆಗೆ ಹೋದ. ಅವನು ಮುದ್ದೆಗೆ ಕೈ ಹಾಕಿದ್ದನೋ ಇಲ್ಲವೋ, ಡೈರಿಯ ಮುಂದೆ ಒಂದು ಲಾರಿ ಬುಸ್ಸೆಂದು ನಿಂತಿತು. ಡ್ರೈವರ್ ಗಂಗಾಧರಯ್ಯ ತಲೆ ಹೊರಗೆ ಹಾಕಿದ.

ಗಂಗಾಧರಯ್ಯ: ಬೇಗ ಇಳಿಸ್ಕಳಿ ಅಮ್ಮ. ನಾನು ಹೊಳೆನರಸೀಪುರಕ್ಕೆ ಹೋಗ್ಬೇಕು.

ಪುಟ್ಟತಾಯಮ್ಮನ ಕೈ ಅಭ್ಯಾಸಬಲದಿಂದ ಮೈಕಿಗೆ ಹೋಯಿತು.

ಪುಟ್ಟತಾಯಮ್ಮ: ಹಾಲು ಹಾಕುವವರ ಗಮನಕ್ಕೆ. ಬೂಸಾ ಬಂದೈತೆ, ಬೇಗ ಬನ್ನಿ.

ಲಕ್ಕಯ್ಯ: ಅವ್ವ, ಏನಂದ್ಬುಟ್ಟೆ?

ಅಷ್ಟರಲ್ಲಿ ಟ್ರ್ಯಾಕ್ಟರು ಬೀದಿಯ ತಿರುವಿನಲ್ಲಿತ್ತು. ಎಂಜಲು ಕೈಯಲ್ಲೇ ಸುದರ್ಶನ್ ಓಡಿಸುತ್ತಿದ್ದ, ಟ್ಯಾಂಕರಿನ ಮೇಲೆ ಮನು ಪೈಪು ಹಿಡಿದು ನಿಂತಿದ್ದ. ಹಿಂದೆ ಊರಿಗೆ ಊರೇ ಗೋಣಿಚೀಲ ಹಿಡಿದು ಬರುತ್ತಿತ್ತು. ಗ್ರೂಪಿನಲ್ಲಿದ್ದವರ ಚೀಲ ಒದ್ದೆ, ಇಲ್ಲದವರದು ಒಣ.

ಸುದರ್ಶನ್: ಗಾಬರಿ ಆಗ್ಬ್ಯಾಡಿ ಸಾ. ಬೂಸಾ ಬಂದೈತೆ.

ಗಂಗಾಧರಯ್ಯ: ಗೊತ್ತು ಕಣಯ್ಯ, ತಂದೋನೇ ನಾನು.

ಸುದರ್ಶನ್: ಎಲ್ಲೈತೆ ತೋರ್ಸಿ.

ಗಂಗಾಧರಯ್ಯ: ಇನ್ನೆಲ್ಲಿರ್ತದೆ? ಲಾರಿಲೈತೆ.

ಸುದರ್ಶನ್: ಮನು, ಲಾರಿಗೇ ಬುಡ್ಲಾ.

ಮನು ಬಿಟ್ಟ. ನಮ್ಮ ಪಡೆ ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಪುಟ್ಟತಾಯಮ್ಮ ಓಡಿಬಂದು ಪೈಪು ಕಿತ್ತುಕೊಳ್ಳುವಷ್ಟರಲ್ಲಿ ಮೇಲಿನ ಎರಡು ಮೂಟೆಯೂ ಗಂಗಾಧರಯ್ಯನೂ ತೊಪ್ಪೆಯಾಗಿದ್ದರು.

ಗಂಗಾಧರಯ್ಯ: ಈ ಊರಲ್ಲಿ ಬೂಸಾ ತಂದೋರಿಗೆ ಸ್ನಾನ ಮಾಡಿಸ್ತೀರಾ?

ಪುಟ್ಟತಾಯಮ್ಮ: ನೆಂದ ಬೂಸಾ ಮಡಗಿದ್ರೆ ಹುಳಿ ಬತ್ತದೆ. ಸುದರ್ಶನ, ನೆನೆಸಿದೋನು ನೀನು, ಎರಡು ಮೂಟೆ ದುಡ್ಡೂ ನಿನ್ನ ತಲೆ ಮೇಲೆ, ಮೂಟೇನೂ ನಿನ್ನ ತಲೆ ಮೇಲೆ. ಹೊತ್ಕಂಡೋಗಿ ಲಕ್ಕಯ್ಯನ ಕೊಟ್ಟಿಗೇಲಿ ಇಳ್ಸು. ಅವನ ಅಸ ಈವತ್ತು ತಿಂದು ಮಿಕ್ಕಿದ್ದು ಬಿಸಿಲಿಗೆ ಹರವು.

ಸುದರ್ಶನ್: ಆಯ್ತಕ್ಕ.

ಪುಟ್ಟತಾಯಮ್ಮ: ಇನ್ನೂ ಆಗಿಲ್ಲ. ಅವನ ಮೆದೆಗೆ ಯಾರ್ಯಾರು ಆರ್ಟ್ ಆಕಿದ್ದೀರಿ, ಚಪ್ಪಾಳೆ ಹೊಡೆದಿದ್ದೀರಿ, ಎಲ್ರೂ ಒಂದೊಂದು ಹೊರೆ ಉಲ್ಲು ತಂದು ಅಲ್ಲೇ ಆಕ್ಬೇಕು.

ಮನು: ನಾನು ಬರೀ ಸೂಪರ್ ಅಂದಿದ್ದು ಕಣಕ್ಕ.

ಪುಟ್ಟತಾಯಮ್ಮ: ಹಂಗಾರೆ ಸೂಪರ್ ಆಗಿರೋ ಉಲ್ಲು ತಾ.

ಸಂಜೆಯ ಹೊತ್ತಿಗೆ ಲಕ್ಕಯ್ಯನ ಹಿತ್ತಿಲಲ್ಲಿ ಹೊಸ ಮೆದೆ ಎದ್ದಿತ್ತು. ಹಸುಗಳು ಬಾನಿಗೆ ಮೂತಿ ಹಾಕಿ ತಲೆ ಎತ್ತದೆ ತಿನ್ನುತ್ತಿದ್ದವು. ಅದನ್ನು ನೋಡಿ ಲಕ್ಕಯ್ಯನಿಗೆ ಕಣ್ಣು ತುಂಬಿ ಬಂತು, ನನಗೂ ಸಮಾಧಾನವಾಯಿತು. ಪುಟ್ಟತಾಯಮ್ಮನಿಗೆ ಮಾತ್ರ ಇನ್ನೊಂದು ಚಿಂತೆ.

ಪುಟ್ಟತಾಯಮ್ಮ: ಮುಂದಿನ ಸಲ ಬೂಸಾ ಬಂದ್ರೆ ಮೈಕಲ್ಲಿ ಏನಂತ ಕೂಗ್ಲಿ?

ಲಕ್ಕಯ್ಯ: ಮೈಕ್ ಯಾಕವ್ವ? "ಬೂಸಾ ಬೆಂಕಿ" ಅಂತ ಗ್ರೂಪಿಗೆ ಆಕು. ಇವ್ರೆಲ್ಲಾ ಮನೇಲೇ ಕೂತು ಆರ್ಟ್ ಒತ್ತಲಿ. ನಾನೊಬ್ನೇ ಬಂದು ತಗಂಡೋಯ್ತೀನಿ.