ಒಂದನೇ ನಂಬರಿನ ಕೂದಲು

ಬಾಚಣಿಕೆಗೆ ಸಿಕ್ಕ ಕೂದಲನ್ನು ಹೆಂಡತಿ ಕಸದ ಬುಟ್ಟಿಗೆ ಹಾಕುವುದನ್ನು ಕಂಡು ಏಕನಾಥನಿಗೆ ಜ್ಞಾನೋದಯವಾದದ್ದೇ ಎಲ್ಲ ತಾಪತ್ರಯಕ್ಕೂ ಮೂಲ. ಅವನು ಚಾಕಣ ಎಂಬ ಕೈಗಾರಿಕಾ ಊರಿನ ರಬ್ಬರ್ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಕೂದಲು, ಕೋಳಿಪುಕ್ಕದಂಥ ಬಿಸಾಡುವ ಪ್ರೋಟೀನನ್ನು ಕೃತಕ ರಬ್ಬರಿಗೆ ಬೆರೆಸಿದರೆ ರಬ್ಬರು ಗಟ್ಟಿಯಾಗುತ್ತದೆಂದು ಆರು ತಿಂಗಳಿಂದ ವಾದಿಸುತ್ತಿದ್ದ. ಪುಕ್ಕ ಆಗಲೇ ಕೈಕೊಟ್ಟಿತ್ತು. ಇವತ್ತು ಒಂದಾದರೂ ಮಾದರಿ ಪಾಸಾಗದಿದ್ದರೆ ಅವನನ್ನು ಪ್ಯಾಕಿಂಗ್ ವಿಭಾಗಕ್ಕೆ ತಳ್ಳುವುದಾಗಿ ಮ್ಯಾನೇಜರ್ ನೀತಾ ಮೇಡಂ ಹೇಳಿದ್ದರು.

ಮರಾಠಿ ಸೀಮೆಯಾದರೂ ಕಾತ್ರಜ ಬಡಾವಣೆಯ ಅವರ ಕಟ್ಟಡದಲ್ಲಿ ಧಾರವಾಡ ಕಡೆಯ ಮನೆಗಳೇ ಹೆಚ್ಚು. ಬೆಳಗಿನ ಏಳಕ್ಕೇ ಬಾಗಿಲು ತಟ್ಟಿ ಕೂದಲು ಕೇಳಿದ. ಮೊದಲ ಮನೆಯವರು ಮಾಟ ಮಾಡಿಸಲಿಕ್ಕೋ ಏನೋ ಎಂದು ಬಾಗಿಲು ಹಾಕಿಕೊಂಡರು. ಎದುರುಮನೆಯ ಶಿವಬಸವ್ವ ಮಾತ್ರ ವ್ಯವಹಾರಸ್ಥೆ. ಕೂದಲಿಗೆ ಸ್ಟೀಲಿನ ಪಾತ್ರೆ ಕೊಡುವವರು ಊರ ಓಣಿಗೆ ಬರುತ್ತಿದ್ದದ್ದು ಆಕೆಗೆ ಚೆನ್ನಾಗಿ ನೆನಪಿತ್ತು.

"ಕೂದಲಾ ಕೊಡ್ತೀನೋ ತಮ್ಮಾ. ಬೋಗಾಣಿ ತಂದೀಯೇನು?"

ಅಡುಗೆಮನೆಯಿಂದ ಬೋಗಾಣಿ ತಂದು ಕೊಟ್ಟದ್ದೇ ತಪ್ಪಾಯಿತು. ಸುದ್ದಿ ಎಲ್ಲ ಮಹಡಿಗೂ ಹಬ್ಬಿ, ಮಾಟಕ್ಕೆ ಹೆದರಿದ್ದವರೂ ಕೂದಲಿನ ಉಂಡೆ ಹಿಡಿದು ಸಾಲುಗಟ್ಟಿದರು. ಬಟ್ಟಲು, ಸೌಟು, ಡಬ್ಬಿ ಒಂದೊಂದೇ ಹೊಸಿಲು ದಾಟಿದವು. ಹೆಂಡತಿ ಸ್ನಾನ ಮುಗಿಸಿ ಬಂದಾಗ ಹಾಲು ಕಾಯಿಸಲಿಕ್ಕೂ ಪಾತ್ರೆಯಿರಲಿಲ್ಲ. ಅಷ್ಟರಲ್ಲಿ ಗಂಡ ಕಂಪನಿ ಬಸ್ಸು ಹತ್ತಿಯಾಗಿತ್ತು.

ಒಬ್ಬೊಬ್ಬರ ಕೂದಲಿಗೂ ಬೇರೆ ಪೊಟ್ಟಣ ಕಟ್ಟಿ ನಂಬರು ಹಾಕಿದ್ದ. ಲ್ಯಾಬಿನಲ್ಲಿ ಅದನ್ನು ಕತ್ತರಿಸಿ, ರಬ್ಬರಿಗೆ ಬೆರೆಸಿ, ಬೇಯಿಸಿ, ಪಟ್ಟಿ ಮಾಡಿ ಜಗ್ಗುವ ಯಂತ್ರಕ್ಕೆ ಸಿಕ್ಕಿಸಿದರು. ಪಟ್ಟಿಗಳು ಹಳೇ ಲಾಡಿಯ ಹಾಗೆ ಒಂದೊಂದಾಗಿ ಹರಿದವು. ಏಕನಾಥನಿಗೆ ಅಳುವೇ ಬಂತು. ಕೊನೆಗೆ ಉಳಿದದ್ದು ಶಿವಬಸವ್ವ ಕೊಟ್ಟ ಒಂದನೇ ನಂಬರು. ಅದು ಮಾತ್ರ ಹರಿಯಲಿಲ್ಲ, ಯಂತ್ರವೇ ನರಳಿತು. ಎಂದೂ ನಗದ ನೀತಾ ಮೇಡಂ ನಕ್ಕರು. ನಿಂತಲ್ಲೇ ಗಿರಾಕಿಗೆ ಫೋನು ಮಾಡಿ, ಶುದ್ಧ ನೈಸರ್ಗಿಕ ಪ್ರೋಟೀನಿನ ರಬ್ಬರು ಸಿದ್ಧವೆಂದರು. ಅದೇ ಕೂದಲು ನಾಳೆ ಇನ್ನೆರಡು ಕಿಲೋ ಬೇಕೆಂದು ಏಕನಾಥನಿಗೆ ಹೇಳಿದರು.

ಸಂಜೆ ಅವನು ಹೊಸ ಕುಕ್ಕರು ಹಿಡಿದು ನೇರವಾಗಿ ಶಿವಬಸವ್ವನ ಬಾಗಿಲಿಗೆ ಹೋದ.

"ಅವ್ವಾರ, ನಿಮ್ಮ ಕೂದಲಿಂದ ನನ್ನ ಮಾನ ಉಳೀತ್ರಿ. ಇನ್ನಷ್ಟು ಬೇಕಿತ್ತು."

ಆಕೆ ಕುಕ್ಕರು ಇಸಿದುಕೊಂಡು ತಲೆಯ ಮೇಲಿನ ಸೆರಗು ಸರಿಸಿದಳು. ಅಲ್ಲಿ ಕಿರುಬೆರಳಿನಷ್ಟು ಬಿಳಿ ಜಡೆಯಿತ್ತು.

"ನನ್ನ ತಲ್ಯಾಗ ಎಲ್ಲಿ ಅದಾವೋ ಕೂದಲಾ? ನಿನಗ ಕೊಟ್ಟದ್ದು ಜಡಿಗೆ ಸೇರಿಸಿ ಹಾಕ್ಕೊಳ್ಳೋ ನನ್ನ ಹಳೇ ಚವರಿ. ನೈಲಾನಿಂದು. ಭಾಳ ಗಟ್ಟಿ."

ಲ್ಯಾಬಿನಲ್ಲಿ ಕಡ್ಡಿ ಗೀರಿ ಒಂದೆಳೆ ಸುಟ್ಟು ನೋಡಿದ್ದರೆ ಅದು ಕೂದಲಲ್ಲವೆಂದು ವಾಸನೆಯೇ ಹೇಳುತ್ತಿತ್ತು. ಏಕನಾಥ ಮೆಟ್ಟಿಲ ಮೇಲೆ ಕುಳಿತ. ಅಷ್ಟರಲ್ಲಿ ಫೋನು ಬಂತು. ನೀತಾ ಮೇಡಂ ಅವರ ದನಿ ಮೆಟ್ಟಿಲಿಗೆಲ್ಲ ಕೇಳಿಸುತ್ತಿತ್ತು. ಗಿರಾಕಿಗೆ ಭಾರಿ ಖುಷಿಯಂತೆ. ಅಂಥ ಕೂದಲು ಬೆಳೆದ ತಲೆಯನ್ನು ಕಣ್ಣಾರೆ ನೋಡಬೇಕಂತೆ. ಬೆಳಿಗ್ಗೆ ಕಾರು ಬರುತ್ತದೆ, ಆ ತಾಯಿಯನ್ನೂ ಕೂರಿಸಿಕೊಂಡು ಬರಬೇಕಂತೆ.

ಏಕನಾಥ ಫೋನಿಗೆ ಕೈ ಅಡ್ಡ ಹಿಡಿದ. ಶಿವಬಸವ್ವ ಕುಕ್ಕರು ಒಳಗಿಟ್ಟು ಬಂದು ಅವನ ಪಕ್ಕದಲ್ಲಿ ಕುಳಿತಳು.

"ಹೂಂ ಅಂದುಬಿಡು ತಮ್ಮಾ. ನಾನೂ ಚಾಕಣ ನೋಡಿಲ್ಲ."