ಉನ್ಹೇವಾಡಿಯ ಹನ್ನೊಂದು ಕ್ಯಾನು

ರಾಮಲಿಂಗಪ್ಪ ಮಾಡಿದ ತಪ್ಪು ಒಂದೇ. ಹೊಸ ಟವೆಲ್ ಒಗೆದು ಬಾಲ್ಕನಿಯಲ್ಲಿ ಒಣಹಾಕಿದ.

ಪುಣೆಯ ಖಡಕಿಯ ಆ ನಾಲ್ಕಂತಸ್ತಿನ ಕಟ್ಟಡದಲ್ಲಿ ಯಾರ ಬಾಲ್ಕನಿಯಲ್ಲಿ ಏನು ಒಣಗುತ್ತಿದೆ ಎಂಬುದು ಎಲ್ಲರ ಮನೆ ವಿಷಯ. ಬೆಳಗಿನ ಆರು ಗಂಟೆಗೇ ಕೆಳಮನೆಯ ಪಾರವ್ವ ಕತ್ತೆತ್ತಿದಳು.

"ಹೊಸಾ ಟಾವೆಲ್ ಅದ. ಎಲ್ಲಿಗರೆ ಹೊಂಟೀರೇನ್ರಿ?"

ಸುಳ್ಳು ಹೇಳಲು ಅವನಿಗೆ ಎಂದೂ ಬಂದಿಲ್ಲ. "ಉನ್ಹೇವಾಡಿಗ್ರಿ. ಬಿಸಿನೀರಿನ ಬುಗ್ಗಿ ಅದ. ಮೊಣಕಾಲು ಹಿಡಕೊಂಡಾವ."

ದಿನಾ ಮೆಟ್ಟಿಲು ಹತ್ತಿ ಇಳಿಯಿರಿ ಎಂದು ಡಾಕ್ಟರು ವರ್ಷದಿಂದ ಹೇಳುತ್ತಿದ್ದರು. ರಾಮಲಿಂಗಪ್ಪ ಲಿಫ್ಟ್ ಬಿಟ್ಟವನಲ್ಲ. ಅವನಿಗೆ ಬೇಕಾದದ್ದು ಒಂದೇ ದಿನ: ಭೋರ ಪಟ್ಟಣ ದಾಟಿ ಬೆಟ್ಟದ ನಡುವಿನ ಆ ಸಣ್ಣ ಊರಿನಲ್ಲಿ ಕುತ್ತಿಗೆ ತನಕ ಬಿಸಿನೀರಲ್ಲಿ ಕೂರಬೇಕು, ಯಾರೂ ಮಾತಾಡಿಸಬಾರದು. ಆಫೀಸಿನಲ್ಲಿ ಮೂರು ಸಲ ಅರ್ಜಿ ಕೊಟ್ಟು ಪಡೆದ ರಜೆ ಅದು.

ಅವನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಪಾರವ್ವ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಹೆಂಗೂ ಹೊಂಟೀರಿ. ನನ್ನ ಕಾಲಿಗೂ ಒಂದಿಷ್ಟು ನೀರು ತರ್ರಿ." ಆಮೇಲೆ ಎರಡನೇ ಮಹಡಿಯ ಪುನೀತ ಬಂದ. ಮಂಡ್ಯ ಕಡೆಯವನು, ಮನೆಯಿಂದಲೇ ಕಂಪ್ಯೂಟರ್ ಕೆಲಸ. "ಅಂಕಲ್, ನಂಗೂ ಒಂದು ಕ್ಯಾನ್ ಪ್ಲೀಸ್. ಕೂತು ಕೂತು ಬ್ಯಾಕ್ ಪೇನ್ ಬಂದ್ಬಿಟ್ಟಿದೆ." ಏಳು ಗಂಟೆಗೆ ಕ್ಯಾನುಗಳು ಹನ್ನೊಂದಾದವು. ಹೆಂಡತಿ ಸಾವಂತ್ರವ್ವ ಅವುಗಳನ್ನೆಲ್ಲ ಹಗ್ಗದಲ್ಲಿ ಪೋಣಿಸಿ ಅವನ ಹೆಗಲಿಗೆ ಹಾಕಿದಳು. ಸ್ವಾರಗೇಟ್ ನಿಲ್ದಾಣದಲ್ಲಿ ಬಸ್ ಹತ್ತಿದಾಗ ಜನ ಅವನನ್ನು ಕ್ಯಾನು ಮಾರುವವನೆಂದೇ ತಿಳಿದರು. ಒಬ್ಬಾಕೆ ದರವನ್ನೂ ಕೇಳಿದಳು.

ಉನ್ಹೇವಾಡಿ ಮಾತ್ರ ಕನಸಿನಲ್ಲಿ ಕಂಡ ಹಾಗೆಯೇ ಇತ್ತು. ಇಪ್ಪತ್ತು ಮನೆ, ಮಂಜು, ಆವಿಯಾಡುವ ಕಲ್ಲಿನ ಕುಂಡ. ಪ್ರವಾಸಕ್ಕೆ ಬಂದ ಇಬ್ಬರು ಮುದುಕರು ಕಣ್ಣುಮುಚ್ಚಿ ನೀರಲ್ಲಿ ಕೂತಿದ್ದರು. ರಾಮಲಿಂಗಪ್ಪನ ಕಣ್ಣು ತುಂಬಿ ಬಂತು. ಆದರೆ ಒಯ್ಯುವ ನೀರನ್ನು ಕುಂಡದಲ್ಲಿ ತುಂಬುವ ಹಾಗಿರಲಿಲ್ಲ. ಎಂಬತ್ತು ಮೆಟ್ಟಿಲು ಮೇಲಿನ ಬುಗ್ಗೆಯಲ್ಲೇ ತುಂಬಬೇಕು, ಅದು ಊರಿನ ಪದ್ಧತಿ. ಮೊದಲು ಜನರ ಕೆಲಸ ಮುಗಿಸಿ ಆಮೇಲೆ ನೆಮ್ಮದಿಯಾಗಿ ಕೂತರಾಯಿತು ಎಂದುಕೊಂಡ.

ಒಂದು ಸಲಕ್ಕೆ ಎರಡು ಕ್ಯಾನಿನಂತೆ ಆರು ಸಲ ಹತ್ತಿ ಇಳಿದ. ಕೊನೆಯ ಕ್ಯಾನು ಕೆಳಗಿಟ್ಟು ಅಂಗಿಯ ಗುಂಡಿ ಬಿಚ್ಚುವಾಗ ಹನ್ನೆರಡರ ಗಂಟೆ ಹೊಡೆಯಿತು. ಕುಂಡ ಕಾಯುವ ಮುದುಕ ಅಡ್ಡ ಬಂದು, "ಆತಾ ಬಾಯಕಾಂಚಿ ಪಾಳಿ," ಎಂದ. ಹನ್ನೆರಡರಿಂದ ಮೂರರ ತನಕ ಹೆಂಗಸರ ಸರದಿ. ಪುಣೆಗೆ ಹೋಗುವ ಕೊನೆಯ ಬಸ್ಸು ಮೂರಕ್ಕೇ.

ಸಂಜೆ ಕಟ್ಟಡಕ್ಕೆ ಬಂದರೆ ಲಿಫ್ಟ್ ಕೆಟ್ಟಿತ್ತು. ಸಿಟ್ಟಿನಲ್ಲಿ ನಾಲ್ಕು ಕ್ಯಾನು ಹಿಡಿದು ಮೂರನೇ ಮಹಡಿಗೆ ದಡದಡ ಹತ್ತಿದ. ಮೇಲೆ ಹೋದ ಮೇಲೆಯೇ ಹೊಳೆಯಿತು, ಮೊಣಕಾಲು ನೋಯಲಿಲ್ಲ.

ಪಾರವ್ವ ಕೆಳಗಿನಿಂದ ಎಲ್ಲ ನೋಡಿದ್ದಳು. "ನೋಡ್ರಿ, ಒಂದಽ ಜಳಕಕ್ಕ ಕಾಲು ಹೆಂಗ ನೆಟ್ಟಗಾಗ್ಯಾವ!"

"ನಾ ಜಳಕಾನ ಮಾಡಿಲ್ರಿ," ಎಂದ ರಾಮಲಿಂಗಪ್ಪ.

ಯಾರೂ ನಂಬಲಿಲ್ಲ. ಪುನೀತ ಆಗಲೇ ಫೋನಿನಲ್ಲಿ ಭಾನುವಾರಕ್ಕೆ ಹದಿನೇಳು ಸೀಟಿನ ಗಾಡಿ ಗೊತ್ತು ಮಾಡುತ್ತಿದ್ದ. ಹೋಗಲಿ, ಆಗಲಾದರೂ ನೀರಿಗಿಳಿಯಬಹುದು ಎಂದು ರಾಮಲಿಂಗಪ್ಪ ಸಮಾಧಾನ ಮಾಡಿಕೊಂಡ.

"ನಿಮಗ್ಯಾಕ್ರಿ ಇನ್ನ ಜಳಕ?" ಎಂದಳು ಪಾರವ್ವ. "ನಾವು ನೀರಾಗ ಕೂತಿರ್ತೀವಿ, ನೀವು ಕ್ಯಾನು ತುಂಬ್ರಿ. ನಿಮಗ ದಾರಿ ಗೊತ್ತದ."

ಒಳಗೆ ಸಾವಂತ್ರವ್ವ ಚೀಲ ಬಿಚ್ಚಿದಳು. ಟವೆಲ್ ಮಡಿಕೆ ಬಿಟ್ಟಿರಲಿಲ್ಲ. ಅವಳಿಗೆ ಎಲ್ಲ ತಿಳಿಯಿತು.

"ಮುಂದಿನ ಸೋಮವಾರ ಇಬ್ಬರಽ ಹೋಗೂಣ್ರಿ," ಎಂದು ಪಿಸುಗುಟ್ಟಿದಳು. "ಯಾರಿಗೂ ಹೇಳೂದು ಬ್ಯಾಡ."

ರಾಮಲಿಂಗಪ್ಪನಿಗೆ ಇಡೀ ದಿನದ ದಣಿವು ಇಳಿದಂತಾಯಿತು. ಕಾಲು ಚಾಚಿ ಕೂತು ಚಹಾಕ್ಕೆ ಕಾದ. ಸೋಮವಾರ ಬೆಳಗಿನ ಮಂಜು ಆಗಲೇ ಕಣ್ಣ ಮುಂದೆ ಬಂದಿತ್ತು.

"ಟಾವೆಲ್ ಎಲ್ಲದ?" ಎಂದು ಕೇಳಿದ.

"ಬಸ್ಸಿನ ಧೂಳು ಹತ್ತಿತ್ರಿ. ಒಗದು ಬಾಲ್ಕನ್ಯಾಗ ಹಾಕೀನಿ."

ಕೆಳಗಿನಿಂದ ಪಾರವ್ವನ ದನಿ ಬಂತು. "ಸಾವಂತ್ರವ್ವಾ, ಮತ್ತ ಎಲ್ಲಿಗೆ ಹೊಂಟೀರಿ?"